ಕಯಾಕ್ ಪ್ಯಾಡಲಿಂಗ್: ಕೈಗೆ ಕೆಲಸ ಕಮ್ಮಿ, ಸೊಂಟಕ್ಕೆ ಜಾಸ್ತಿ

ವೀಕೆಂಡಲ್ಲಿ ಬೆಂಗಳೂರಿಂದ ಕಣ್ವ ಡ್ಯಾಮ್ ಕಡೆ ಹೋಗಿ ಮೊದಲನೇ ಸಲ ಕಯಾಕ್, ಅಂದ್ರೆ ಹುಟ್ಟು ಹಾಕಿ ನಡೆಸೋ ಚಿಕ್ಕ ದೋಣಿ, ಹತ್ತಿ ಇಳಿದವರನ್ನ ಮಾತಾಡಿಸಿ ನೋಡಿ, ಸುಮಾರಾಗಿ ಎಲ್ಲರ ಬಾಯಲ್ಲೂ ಎರಡೇ ಕಂಪ್ಲೇಂಟು. ಒಂದು, ಹತ್ತು ನಿಮಿಷಕ್ಕೇ ತೋಳು ಬಿದ್ದೋಯ್ತು. ಇನ್ನೊಂದು, ಬೋಟು ನೆಟ್ಟಗೆ ಹೋಗೋದೇ ಇಲ್ಲ, ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಹಾವಿನ ಥರ ಹೋಗತ್ತೆ. ಇದಕ್ಕೆ ಕಾರಣ ತೋಳಲ್ಲಿ ಶಕ್ತಿ ಇಲ್ಲದೇ ಇರೋದು ಅಂತ ಕೆಲವರು ಜಿಮ್ ಬಗ್ಗೆ ಯೋಚನೆ ಮಾಡ್ತಾರೆ, ಇನ್ನು ಕೆಲವರು ಬಾಡಿಗೆ ಬೋಟೇ ಸರಿ ಇಲ್ಲ ಅಂತಾರೆ. ಆದ್ರೆ ಈ ಎರಡು ತೊಂದರೆನೂ ಬರೋದು ಒಂದೇ ಕಡೆಯಿಂದ. ಪ್ಯಾಡಲ್‌ನ, ಅಂದ್ರೆ ಎರಡೂ ತುದೀಲಿ ಬ್ಲೇಡು (ಅಗಲದ ಹಲಗೆ) ಇರೋ ಹುಟ್ಟನ್ನ, ತೋಳಿಂದ ಎಳೀತೀವಿ, ಎಳೆದಿದ್ದನ್ನ ಬೆನ್ನಿನ ಹಿಂದೆ ಹೋಗೋ ತನಕ ಬಿಡಲ್ಲ. ಇಷ್ಟು ಸರಿ ಹೋದ್ರೆ ಮಿಕ್ಕಿದ್ದೆಲ್ಲ ತನ್ನಷ್ಟಕ್ಕೆ ದಾರಿಗೆ ಬರತ್ತೆ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ನೀರಲ್ಲಿ ಏನು ನಡೀತಿದೆ ಅಂತ ಗೊತ್ತಿರ್ಬೇಕು. ನೀರನ್ನ ಹಿಂದಕ್ಕೆ ತಳ್ಳಿದ್ರೆ ಬೋಟು ಮುಂದಕ್ಕೆ ಹೋಗತ್ತೆ ಅಂತ ಸ್ಕೂಲಲ್ಲಿ ನ್ಯೂಟನ್ ಮೂರನೇ ನಿಯಮ ಓದಿದವರೆಲ್ಲ ಹೇಳ್ತಾರೆ, ಅದು ತಪ್ಪಲ್ಲ, ಆದ್ರೆ ಮೈಗೆ ಅಭ್ಯಾಸ ಮಾಡಿಸೋವಾಗ ಆ ಯೋಚನೆ ಅಡ್ಡದಾರಿ ಹಿಡಿಸತ್ತೆ, ಯಾಕಂದ್ರೆ ನೀರನ್ನ ತಳ್ಳಬೇಕು ಅಂದ್ಕೊಂಡ ತಕ್ಷಣ ನಾವು ಜೋರಾಗಿ, ಬೇಗ ಬೇಗ, ನೀರನ್ನ ಬಾಚೋಕೆ ಶುರು ಮಾಡ್ತೀವಿ. ಕಾವೇರಿಲಿ ಹರಿಗೋಲು ನಡೆಸೋರು ಆಳ ಇಲ್ಲದ ಕಡೆ ಬಿದಿರು ಗಳನ್ನ ತಳಕ್ಕೆ ಊರಿ ಮುಂದಕ್ಕೆ ಹೋಗ್ತಾರಲ್ಲ, ಊರಿದ ಗಳ ಅಲ್ಲೇ ಇರತ್ತೆ, ಹರಿಗೋಲು ಅದನ್ನ ದಾಟಿ ಹೋಗತ್ತೆ. ಕಯಾಕಲ್ಲೂ ಹಂಗೇ ಅಂದ್ಕೊಳ್ಳಿ. ಬ್ಲೇಡು ಪೂರ್ತಿ ಮುಳುಗಿದ್ರೆ ಅದರ ಎದುರಿಗಿರೋ ನೀರು ಅಷ್ಟು ಸುಲಭವಾಗಿ ಜರುಗಲ್ಲ, ಬ್ಲೇಡು ಹೆಚ್ಚು ಕಮ್ಮಿ ಇದ್ದಲ್ಲೇ ನಿಲ್ಲತ್ತೆ, ನೀವು ಕೂತಿರೋ ಬೋಟೇ ಅದರ ಹತ್ತಿರ ಬರತ್ತೆ. ಅಂದ್ರೆ ನೀವು ಎಳೀಬೇಕಾದ್ದು ಬೋಟನ್ನ. ಅರ್ಧ ಮುಳುಗಿದ ಬ್ಲೇಡನ್ನ ಗಬಕ್ ಅಂತ ಎಳೆದ್ರೆ ಗಾಳಿ ಸೇರಿ ಗುಳ್ಳೆ ಏಳತ್ತೆ, ಪಚ್ ಪಚ್ ಅಂತ ಸದ್ದು ಬರತ್ತೆ, ಪಕ್ಕದವರ ಮುಖಕ್ಕೆ ನೀರು ಹಾರತ್ತೆ. ಆ ಸದ್ದು, ಆ ಹಾರಿದ ನೀರು, ಎಲ್ಲ ನಿಮ್ಮ ಶಕ್ತಿನೇ, ಬೋಟಿಗೆ ಸೇರದೆ ಹೋಗಿದ್ದು. ಚೆನ್ನಾಗಿ ಪ್ಯಾಡಲ್ ಮಾಡೋರ ಪಕ್ಕದಲ್ಲಿ ಹೋದ್ರೆ ಸದ್ದೇ ಇರಲ್ಲ.

ಸರಿ, ಬೋಟನ್ನ ಎಳೆಯೋ ಶಕ್ತಿ ಎಲ್ಲಿಂದ ಬರ್ಬೇಕು? ತೋಳಿನ ಸ್ನಾಯು ಚಿಕ್ಕದು, ಬೇಗ ಸುಸ್ತಾಗತ್ತೆ. ಬೆನ್ನು, ಪಕ್ಕೆ, ಹೊಟ್ಟೆ, ತೊಡೆ ಇವುಗಳ ಸ್ನಾಯು ದೊಡ್ಡದು, ಗಂಟೆಗಟ್ಟಲೆ ಕೆಲಸ ಮಾಡತ್ತೆ. ಇದು ಎಷ್ಟು ನಿಜ ಅಂತ ನೋಡ್ಬೇಕಂದ್ರೆ ಪ್ಯಾರಾ ಕಯಾಕಿಂಗ್ ನೋಡಿ, 2016ರ ರಿಯೋ ಪ್ಯಾರಾಲಿಂಪಿಕ್ಸಿಂದ ಅದು ಆಟಗಳ ಪಟ್ಟಿಲಿದೆ. ಅಲ್ಲಿ ಕೆಎಲ್1, ಕೆಎಲ್2, ಕೆಎಲ್3 ಅಂತ ಮೂರು ವರ್ಗ. ಹೆಚ್ಚು ಕಮ್ಮಿ ತೋಳು ಭುಜದಿಂದಲೇ ಪ್ಯಾಡಲ್ ಮಾಡೋರು ಕೆಎಲ್1, ಸೊಂಟದ ಮೇಲಿನ ಮೈಯನ್ನ ಸ್ವಲ್ಪ ಮಟ್ಟಿಗೆ ಬಳಸೋಕಾಗೋರು ಕೆಎಲ್2, ಮೈ ತಿರುಗಿಸೋದರ ಜೊತೆಗೆ ಕಾಲಿಂದಲೂ ಒಂದಿಷ್ಟು ಒತ್ತು ಕೊಡೋಕಾಗೋರು ಕೆಎಲ್3. ಎಲ್ಲರೂ ತೋಳಲ್ಲಿ ಬಲ ಇರೋ ಅಥ್ಲೀಟುಗಳೇ, ಓಡೋದು ಅದೇ 200 ಮೀಟರ್, ಆದ್ರೂ ಕೆಎಲ್3ರ ಟೈಮಿಂಗ್ ಕೆಎಲ್1ಗಿಂತ ಸಾಮಾನ್ಯವಾಗಿ ಚೆನ್ನಾಗಿರತ್ತೆ. ಮೈ ಮತ್ತೆ ಕಾಲು ಸೇರಿದ್ರೆ ಎಷ್ಟು ವ್ಯತ್ಯಾಸ ಆಗತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಂಗೆ ಗೊತ್ತಿಲ್ಲ. ನಮ್ಮ ದೇಶದ ಪ್ರಾಚಿ ಯಾದವ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸಲ್ಲಿ ಚಿನ್ನ ಗೆದ್ದಿದ್ದು ಈ ಕೆಎಲ್2 ವರ್ಗದಲ್ಲೇ. ಅವರ ರೇಸ್ ವಿಡಿಯೋ ಸಿಕ್ಕಿದ್ರೆ ಕೈ ನೋಡ್ಬೇಡಿ, ಭುಜ ಎರಡೂ ಹೆಂಗೆ ಮುಂದೆ ಹಿಂದೆ ತಿರುಗತ್ತೆ ಅಂತ ನೋಡಿ.

ಮೈ ತಿರುಗ್ಬೇಕಂದ್ರೆ ಕೂರೋದು ಸರಿ ಇರ್ಬೇಕು, ಇಲ್ಲೇ ಬಹಳ ಜನ ಎಡವೋದು. ಕಯಾಕ್ ಸೀಟಿಗೆ ಒರಗು ಇರತ್ತೆ, ಅದನ್ನ ನೋಡಿದ್ರೆ ಸೋಫಾದಲ್ಲಿ ಕೂತಂಗೆ ಒರಗಿ ಕೂರೋಣ ಅನ್ಸತ್ತೆ, ಒರಗಿ ಕೂತ್ರೆ ಬೆನ್ನು ಅಲ್ಲಿಗೇ ಲಾಕ್ ಆಯ್ತು, ಇನ್ನು ತೋಳು ಬಿಟ್ರೆ ಬೇರೆ ಏನೂ ಅಲ್ಲಾಡಲ್ಲ. ಕುಂಡಿಯ ಮೂಳೆ ಎರಡೂ ಸೀಟಿಗೆ ತಾಗೋ ಹಂಗೆ ನೆಟ್ಟಗೆ ಕೂತು, ಸೊಂಟದಿಂದ ಒಂದು ಚೂರು ಮುಂದಕ್ಕೆ ಬಾಗಿ. ಒರಗು ಇರೋದು ಸೊಂಟಕ್ಕೆ ಆಸರೆ ಅಷ್ಟೇ. ಪಾದ ಇಡೋಕೆ ಮುಂದೆ ಎರಡು ಕಡೆ ಫುಟ್‌ಪೆಗ್ ಇರತ್ತೆ, ಸಿಟ್ ಆನ್ ಟಾಪ್ ಬೋಟುಗಳಲ್ಲಿ (ಒಳಗಲ್ಲ, ಮೇಲೇ ಕೂರೋ ಥರದ್ದು) ಅಚ್ಚಲ್ಲೇ ಮಾಡಿರೋ ಗುಳಿಗಳಿರತ್ತೆ, ಅಲ್ಲಿಗೆ ಪಾದದ ಮುಂಭಾಗ ತಾಗ್ಬೇಕು, ಮಂಡಿ ಸ್ವಲ್ಪ ಮಡಚಿರ್ಬೇಕು, ಸ್ವಲ್ಪ ಹೊರಕ್ಕೆ ವಾಲಿರ್ಬೇಕು. ಕಾಲು ಪೂರ್ತಿ ಚಾಚಿ ಕೂತ್ರೆ ಒತ್ತೋಕಾಗಲ್ಲ, ತೀರಾ ಮಡಚಿದ್ರೆ ಮಂಡಿ ಪ್ಯಾಡಲ್‌ಗೆ ಅಡ್ಡ ಬರತ್ತೆ. ದಡದಲ್ಲೇ ಎರಡು ನಿಮಿಷ ಜಾಸ್ತಿ ಆದ್ರೂ ಪರವಾಗಿಲ್ಲ, ನಿಮ್ಮ ಕಾಲಿನ ಉದ್ದಕ್ಕೆ ಇದನ್ನ ಸೆಟ್ ಮಾಡಿಸ್ಕೊಳ್ಳಿ. ಬಾಡಿಗೆ ಕೊಡೋರು ಹಿಂದಿನವರು ಬಿಟ್ಟು ಹೋದಂಗೇ ಕೊಟ್ಟಿರ್ತಾರೆ, ಆರು ಅಡಿ ಆಳು ಕೂತಿದ್ದ ಬೋಟಲ್ಲಿ ಐದಡಿಯವರು ಕೂತ್ರೆ ಪಾದ ಗಾಳೀಲಿ ನೇತಾಡತ್ತೆ.

ಪ್ಯಾಡಲ್ ಹಿಡಿಯೋದು ಸುಲಭ. ಕಂಬೀನ ಅಡ್ಡಡ್ಡವಾಗಿ ತಲೆ ಮೇಲೆ ಇಟ್ಕೊಳ್ಳಿ, ಮೊಣಕೈ ಎರಡೂ 90 ಡಿಗ್ರಿ ಮಡಚೋ ಹಂಗೆ ಕೈ ಸರಿಸ್ಕೊಳ್ಳಿ, ಅಲ್ಲೇ ಹಿಡೀಬೇಕು, ಭುಜಕ್ಕಿಂತ ಸ್ವಲ್ಪ ಅಗಲ ಬರತ್ತೆ. ಬ್ಲೇಡಿಗೆ ಎರಡು ಮುಖ, ಒಳಕ್ಕೆ ಬಾಗಿರೋ ಮುಖ ನಿಮ್ಮ ಕಡೆಗೆ ಇರ್ಬೇಕು. ಬ್ಲೇಡಿನ ಆಕಾರ ಒಂದು ಅಂಚಲ್ಲಿ ಉದ್ದ ಇನ್ನೊಂದು ಅಂಚಲ್ಲಿ ಗಿಡ್ಡ ಇದ್ರೆ ಉದ್ದದ ಅಂಚು ಮೇಲೆ ಬರ್ಬೇಕು, ಕಂಪನಿ ಹೆಸರು ಬರೆದಿದ್ರೆ ಸಾಮಾನ್ಯವಾಗಿ ಅದು ತಲೆಕೆಳಗಾಗದೆ ಓದೋಕೆ ಬರೋ ಹಂಗೆ ಇರತ್ತೆ. ಪ್ಯಾಡಲನ್ನ ಉಲ್ಟಾ ಹಿಡಿದು ಅರ್ಧ ಗಂಟೆ ಒದ್ದಾಡೋರು ಬಹಳ ಜನ ಸಿಗ್ತಾರೆ, ಯಾರೂ ಹೇಳಿರಲ್ಲ ಅಷ್ಟೇ. ಉದ್ದ ಅಂದ್ರೆ ಅಗಲವಾದ ಬಾಡಿಗೆ ಬೋಟಿಗೆ 220ರಿಂದ 240 ಸೆಂಟಿಮೀಟರ್ ನಡೆಯತ್ತೆ. ಎರಡೂ ಬ್ಲೇಡು ಒಂದೇ ನೇರಕ್ಕೆ ಇರೋ ಹಂಗೆ ಜೋಡಿಸ್ಕೊಳ್ಳಿ, ಒಂದಕ್ಕೊಂದು ಕೋನದಲ್ಲಿ ತಿರುಗಿಸಿ ಇಡೋದು ಎದುರುಗಾಳಿಗೆ ಒಳ್ಳೇದು ಅಂತ ಹೇಳ್ತಾರೆ, ಅದು ಆಮೇಲೆ ನೋಡ್ಕೊಂಡ್ರಾಯ್ತು. ಮುಷ್ಟಿ ಬಿಗಿ ಹಿಡೀಬೇಡಿ. ಬಿಗಿ ಹಿಡಿದ್ರೆ ಅಂಗೈಲಿ ಬೊಬ್ಬೆ, ಮಣಿಕಟ್ಟಲ್ಲಿ ನೋವು, ಅದು ಖಂಡಿತ.

ಈಗ ಸ್ಟ್ರೋಕ್, ಅಂದ್ರೆ ಬ್ಲೇಡನ್ನ ನೀರಿಗಿಳಿಸಿ ಒಂದ್ಸಲ ಎಳೆಯೋದು. ಬಲಗಡೆಯಿಂದ ಶುರು ಮಾಡೋಣ. ಬಲಗೈ ಹೆಚ್ಚು ಕಮ್ಮಿ ನೇರ ಚಾಚಿ, ಆದ್ರೆ ಕೈ ಚಾಚಿದ್ರೆ ಸಾಲದು, ಬಲ ಭುಜವೇ ಮುಂದಕ್ಕೆ ಹೋಗ್ಬೇಕು, ಅಂದ್ರೆ ಎದೆ ಪೂರ್ತಿ ಎಡಕ್ಕೆ ತಿರುಗಿರ್ಬೇಕು, ಶರ್ಟಿನ ಗುಂಡಿ ಎಡಗಡೆ ದಡ ನೋಡ್ತಿದೆ ಅನ್ನೋ ಅಷ್ಟು. ಈಗ ಬ್ಲೇಡನ್ನ ನಿಮ್ಮ ಕಾಲ್ಬೆರಳಿನ ನೇರಕ್ಕೆ, ಬೋಟಿನ ಪಕ್ಕದಲ್ಲೇ, ನೀರಿಗೆ ಇಳಿಸಿ. ಹೊಡೀಬೇಡಿ, ಇಳಿಸಿ. ಪೂರ್ತಿ ಮುಳುಗೋ ತನಕ ಒಂದು ಕ್ಷಣ ತಾಳಿ, ಈ ಒಂದು ಕ್ಷಣದ ತಾಳ್ಮೇಲೇ ಎಲ್ಲ ಇರೋದು, ಹೊಸಬರು ಬ್ಲೇಡು ನೀರಿಗೆ ತಾಗೋ ಮುಂಚೇನೇ ಎಳೆಯೋಕೆ ಶುರು ಮಾಡಿರ್ತಾರೆ. ಮುಳುಗಿದ ಮೇಲೆ ಬಲಗಾಲಿಂದ ಫುಟ್‌ಪೆಗ್ ಒತ್ತಿ, ಒತ್ತಿದ ಕೂಡ್ಲೇ ಸೊಂಟ ಬಲಕ್ಕೆ ಬಿಚ್ಚಿಕೊಳ್ಳತ್ತೆ, ಅದರ ಜೊತೆ ಎದೆ, ಅದರ ಜೊತೆ ಭುಜ, ಭುಜಕ್ಕೆ ಅಂಟಿಕೊಂಡಿರೋ ಕೈ ಸುಮ್ಮನೆ ಹಿಂದಕ್ಕೆ ಬರತ್ತೆ. ಈ ಪೂರ್ತಿ ಹೊತ್ತು ಬಲ ಮೊಣಕೈ ಜಾಸ್ತಿ ಮಡಚಬಾರ್ದು. ಮೊಣಕೈ ಮಡಚ್ತಿದೆ ಅಂದ್ರೆ ತೋಳು ಎಳೀತಿದೆ ಅಂತ, ಇದೊಂದೇ ಗುರುತು ಸಾಕು ನಿಮ್ಮನ್ನ ನೀವೇ ತಿದ್ಕೊಳ್ಳೋಕೆ.

ಮೇಲಿರೋ ಎಡಗೈ ಏನ್ಮಾಡ್ಬೇಕು? ಅದು ಭುಜದ ಎತ್ತರಕ್ಕೂ ಕಣ್ಣಿನ ಎತ್ತರಕ್ಕೂ ಮಧ್ಯೆ ಇದ್ಕೊಂಡು ಮೆಲ್ಲಗೆ ಮುಂದಕ್ಕೆ ಹೋಗತ್ತೆ, ಬೆರಳು ಸಡಿಲ ಬಿಟ್ಟಿರಿ. ಬೋಟಿನ ಮಧ್ಯದ ಗೆರೆ ದಾಟಿ ಆ ಕಡೆಗೆ ಜಾಸ್ತಿ ಹೋಗೋದು ಬೇಡ. ಬ್ಲೇಡು ನಿಮ್ಮ ಸೊಂಟದ ನೇರಕ್ಕೆ ಬಂದ ತಕ್ಷಣ ಮೇಲಕ್ಕೆ ಎತ್ತಿಬಿಡಿ. ಇಲ್ಲಿ ಜನಕ್ಕೆ ಅನುಮಾನ ಬರತ್ತೆ, ಇನ್ನೂ ಹಿಂದಕ್ಕೆ ಎಳೆದ್ರೆ ಇನ್ನೂ ಜಾಸ್ತಿ ಮುಂದಕ್ಕೆ ಹೋಗಲ್ವಾ ಅಂತ. ಹೋಗಲ್ಲ. ಸೊಂಟ ದಾಟಿದ ಮೇಲೆ ಬ್ಲೇಡು ಓರೆಯಾಗಿ ನೀರನ್ನ ಮೇಲಕ್ಕೆ ಎತ್ತೋಕೆ ಶುರು ಮಾಡತ್ತೆ, ನೀರು ಮೇಲೆ ಬಂದಷ್ಟೂ ಬೋಟಿನ ಹಿಂಭಾಗ ಕೆಳಕ್ಕೆ ಒತ್ತಿಕೊಳ್ಳತ್ತೆ, ಅಷ್ಟೇ ಅಲ್ಲ ಹಿಂದೆ ಹೋದ ಬ್ಲೇಡು ಬೋಟನ್ನ ತಿರುಗಿಸತ್ತೆ ಕೂಡ. ಸುಸ್ತಾಗೋದು, ನೆಟ್ಟಗೆ ಹೋಗದೇ ಇರೋದು ಎರಡಕ್ಕೂ ಒಂದೇ ಬೇರು ಅಂದಿದ್ದು ಇದಕ್ಕೇ. ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋ ವಿಷಯ ಏನಂದ್ರೆ, ಬಲಗಡೆ ಬ್ಲೇಡ್ ಎತ್ತೋ ಹೊತ್ತಿಗೆ ಎದೆ ಬಲಕ್ಕೆ ತಿರುಗಿ ಮುಗಿದಿರತ್ತೆ, ಎಡ ಭುಜ ಆಗ್ಲೇ ಮುಂದೆ ಬಂದಿರತ್ತೆ, ಅಂದ್ರೆ ಎಡಗಡೆ ಸ್ಟ್ರೋಕಿಗೆ ನೀವು ರೆಡಿ ಇದ್ದೀರ, ಬೇರೆ ತಯಾರಿ ಬೇಕಿಲ್ಲ. ಒಂದು ಸ್ಟ್ರೋಕಿನ ಕೊನೆ ಇನ್ನೊಂದರ ಮೊದಲು.

ಇದನ್ನ ಅಭ್ಯಾಸ ಮಾಡೋಕೆ ನೀರೇ ಬೇಕಂತಿಲ್ಲ, ಬೆಂಗಳೂರಲ್ಲಿ ವಾರದ ದಿನ ನೀರು ಎಲ್ಲಿ ಹುಡುಕೋದು. ಹಾಲಲ್ಲಿ ನೆಲದ ಮೇಲೆ ಕೂತು, ಪಾದಾನ ಗೋಡೆಗೆ ಒತ್ತಿ, ನೆಲ ಒರೆಸೋ ಕೋಲೊಂದು ಹಿಡ್ಕೊಂಡು, ಎರಡೂ ಕೈ ನೇರ ಇಟ್ಟು ಬರೀ ಸೊಂಟದಿಂದ ತಿರುಗಿ ನೋಡಿ. ಮೊಣಕೈ ಮಡಚಲೇಬಾರ್ದು. ಬಲಕ್ಕೆ ತಿರುಗೋವಾಗ ಬಲಪಾದ ಗೋಡೆ ಒತ್ತತ್ತೆ, ಎಡಕ್ಕೆ ತಿರುಗೋವಾಗ ಎಡಪಾದ. ಆಫೀಸಲ್ಲಿ ದಿನಪೂರ್ತಿ ಕೂತು ಸೊಂಟ ಬಿಗಿದುಕೊಂಡಿರೋರಿಗೆ ಮೊದಲ ವಾರ ಇದೇ ಕಷ್ಟ, ತೊಡೆಯ ಹಿಂಭಾಗ ಎಳೆಯತ್ತೆ. ನೀರಿಗೆ ಹೋದ ದಿನ ಸರಿಯಾಗಿ ಮಾಡಿದ್ರಾ ಅಂತ ಗೊತ್ತಾಗೋದು ಮಾರನೇ ದಿನ, ಪಕ್ಕೆ ಮತ್ತೆ ಹೊಟ್ಟೆ ಹತ್ತಿರ ಹಿಡ್ಕೊಂಡಿದ್ರೆ ಸರಿ ಮಾಡಿದ್ದೀರ, ತೋಳು ಭುಜ ಮಾತ್ರ ನೋಯ್ತಿದ್ರೆ ಮತ್ತೆ ಕೋಲು ಹಿಡೀರಿ.

ಇನ್ನು ನೆಟ್ಟಗೆ ಹೋಗೋದು. ಬಲಗಡೆ ಪ್ಯಾಡಲ್ ಮಾಡಿದ್ರೆ ಬೋಟಿನ ಮೂತಿ ಎಡಕ್ಕೆ ತಿರುಗತ್ತೆ, ಎಡಗಡೆ ಮಾಡಿದ್ರೆ ಬಲಕ್ಕೆ, ಇದು ಸಹಜ. ಬ್ಲೇಡು ಬೋಟಿಂದ ದೂರ ಇದ್ದಷ್ಟೂ ಈ ತಿರುಗೋದು ಜಾಸ್ತಿ, ಹತ್ತಿರ ಇದ್ದಷ್ಟೂ ಕಮ್ಮಿ, ಅದಕ್ಕೇ ಮುಂದಕ್ಕೆ ಹೋಗೋವಾಗ ಬೋಟಿನ ಪಕ್ಕಕ್ಕೆ ಅಂಟಿಸಿದಂಗೆ ಬ್ಲೇಡ್ ಬರ್ಬೇಕು. ಬಾಡಿಗೆಗೆ ಸಿಗೋದು ಸಾಮಾನ್ಯವಾಗಿ ಒಂಬತ್ತು ಹತ್ತು ಅಡಿಯ ಗಿಡ್ಡ ಅಗಲ ಪ್ಲಾಸ್ಟಿಕ್ ಬೋಟು, ಮಗುಚೋದು ಕಮ್ಮಿ, ಆದ್ರೆ ಮೂತಿ ಆಡ್ಸತ್ತೆ. ಹದಿನಾಲ್ಕು ಹದಿನಾರು ಅಡಿಯ ಟೂರಿಂಗ್ ಕಯಾಕ್ ಹಿಡಿದ ದಾರಿ ಬಿಡಲ್ಲ. ಕಣ್ಣು ಎಲ್ಲಿದೆ ಅನ್ನೋದೂ ಮುಖ್ಯ, ಬ್ಲೇಡನ್ನೇ ನೋಡ್ತಾ ಕೂತ್ರೆ ಬೋಟು ಎಷ್ಟು ತಿರುಗಿದೆ ಅಂತ ಗೊತ್ತಾಗೋದೇ ಲೇಟು, ಎದುರು ದಡದಲ್ಲಿ ಒಂದು ಮರನೋ ಬಂಡೆನೋ ಗುರುತಿಟ್ಕೊಂಡು ಅದರ ಮೇಲೇ ಕಣ್ಣಿಡಿ. ಮೂತಿ ಸ್ವಲ್ಪ ಎಡಕ್ಕೆ ಹೊರಳ್ತು ಅನ್ನಿ, ನಿಲ್ಲಿಸಿ ರಿವರ್ಸ್ ಹಾಕ್ಬೇಡಿ, ವೇಗ ಎಲ್ಲ ಹೋಗತ್ತೆ. ಎಡಗಡೆ ಒಂದು ಸ್ಟ್ರೋಕನ್ನ ಅಗಲವಾಗಿ ಹಾಕಿ: ಕಾಲ್ಬೆರಳಿಂದ ಶುರು ಮಾಡಿ ಹೊರಕ್ಕೆ ದೊಡ್ಡ ಅರ್ಧಚಂದ್ರ ಬರೆದಂಗೆ ಬೋಟಿನ ಹಿಂಬದಿ ತನಕ. ಇದನ್ನ ಸ್ವೀಪ್ ಅಂತಾರೆ. ಇಲ್ಲಿ ಮಾತ್ರ ಬ್ಲೇಡು ಸೊಂಟ ದಾಟಿ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ತಿರುಗಿಸೋದೇ ಕೆಲಸ. ನಿಂತಲ್ಲೇ ಪೂರ್ತಿ ತಿರುಗ್ಬೇಕಂದ್ರೆ ಒಂದು ಕಡೆ ಮುಂದಕ್ಕೆ ಸ್ವೀಪು, ಇನ್ನೊಂದು ಕಡೆ ಹಿಂದಿಂದ ಮುಂದಕ್ಕೆ ಉಲ್ಟಾ ಸ್ವೀಪು, ಎರಡು ಮೂರು ಸಲಕ್ಕೆ ಬೋಟು ತಿರುಗಿರತ್ತೆ.

ನಿಲ್ಲಿಸೋಕೆ ಎಡ ಬಲ ಎಡ ಬಲ ಅಂತ ಚಿಕ್ಕ ಚಿಕ್ಕ ಹಿಮ್ಮುಖ ಸ್ಟ್ರೋಕು, ಪ್ಯಾಡಲ್ ತಿರುಗಿಸಿ ಹಿಡಿಯೋದು ಬೇಡ, ಬ್ಲೇಡಿನ ಬೆನ್ನಿಂದಲೇ. ಹಿಂದಕ್ಕೆ ಹೋಗೋವಾಗ ಕತ್ತು ತಿರುಗಿಸಿ ನೋಡಿ. ಇಬ್ಬರು ಕೂರೋ ಬೋಟಾದ್ರೆ ಲಯ ಮುಂದೆ ಕೂತವರದ್ದು, ದಾರಿ ಹಿಂದೆ ಕೂತವರದ್ದು. ಹಿಂದಿನವರು ಮುಂದಿನವರ ಬ್ಲೇಡ್ ನೋಡ್ಕೊಂಡು ಅದೇ ಕಡೆ ಅದೇ ಹೊತ್ತಿಗೆ ಹಾಕ್ಬೇಕು, ಇಲ್ಲಾಂದ್ರೆ ಪ್ಯಾಡಲ್‌ಗೆ ಪ್ಯಾಡಲ್ ತಾಕಿ ಗಂಡ ಹೆಂಡ್ತಿ ಮಧ್ಯೆ ಜಗಳ ಆಗೋದು ದಡದಿಂದಲೇ ಕೇಳ್ಸತ್ತೆ.

ಬೋಟು ಅಲ್ಲಾಡಿದಾಗ ಕೈ ತಾನಾಗೇ ಬೋಟಿನ ಅಂಚು ಹಿಡ್ಕೊಳ್ಳತ್ತೆ. ಅದೇ ಮಾಡಬಾರದ ಕೆಲಸ. ಅಂಚು ಬೋಟಿನ ಜೊತೆಗೇ ವಾಲತ್ತೆ, ಅದರಿಂದ ಆಸರೆ ಸಿಗಲ್ಲ, ಆಸರೆ ಸಿಗೋದು ನೀರಿಂದ. ಸೊಂಟ ಸಡಿಲ ಬಿಟ್ಟು, ಬೋಟನ್ನ ಕೆಳಗೆ ಅದರಷ್ಟಕ್ಕೆ ಆಡೋಕೆ ಬಿಟ್ಟು, ತಲೆ ಎದೆ ಬೋಟಿನ ಮಧ್ಯಕ್ಕೇ ಇಟ್ಕೊಳ್ಳಿ. ವಾಲ್ತಿರೋ ಕಡೆ ಬ್ಲೇಡಿನ ಬೆನ್ನನ್ನ ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ಒತ್ತಿದ್ರೆ ಒಂದು ಕ್ಷಣದ ಆಸರೆ ಸಿಗತ್ತೆ, ಆ ಕ್ಷಣದಲ್ಲಿ ಸೊಂಟದಿಂದ ಬೋಟನ್ನ ಸರಿ ಮಾಡ್ಕೋಬೇಕು, ತಲೆ ಕೊನೇಲಿ ಮೇಲೆ ಬರ್ಬೇಕು. ತಲೆ ಮೊದಲು ಎತ್ತಿದ್ರೆ ಭಾರ ಆ ಕಡೆಗೇ ಹೋಗಿ ಮಗುಚತ್ತೆ. ಮಗುಚಿದ್ರೂ ಗಾಬರಿ ಬೇಡ, ಬೋಟು ಬಿಡ್ಬೇಡಿ, ಅದು ತೇಲ್ತಿರತ್ತೆ, ದೂರದಿಂದ ಕಾಣೋದೂ ಅದೇ. ಮೊದಲನೇ ದಿನವೇ, ಹೇಳ್ಕೊಡೋರು ಪಕ್ಕದಲ್ಲಿರೋವಾಗ, ದಡದ ಹತ್ತಿರ ಬೇಕಂತಲೇ ಒಂದ್ಸಲ ಬಿದ್ದು ಮತ್ತೆ ಹತ್ತೋದನ್ನ ಕಲೀರಿ. ಬೋಟನ್ನ ನೆಟ್ಟಗೆ ತಿರುಗಿಸಿ, ಅದರ ಮಧ್ಯಭಾಗಕ್ಕೆ ಬಂದು, ಎರಡೂ ಕಡೆ ಕೈ ಊರಿ, ಕಾಲನ್ನ ಈಜೋವಾಗ ಬಡಿದಂಗೆ ಬಡಿದು ನೀರಿನ ಮಟ್ಟಕ್ಕೆ ತಂದು, ಹೊಟ್ಟೆ ಮೇಲೆ ಅಡ್ಡಡ್ಡ ಜಾರಿ ಹತ್ತಿ, ಆಮೇಲೆ ಹೊರಳಿ ಕೂತು ಕಾಲು ಒಳಗೆ ತಗೊಳ್ಳೋದು. ಸಿಟ್ ಆನ್ ಟಾಪಲ್ಲಿ ಇದು ಒಬ್ಬರೇ ಮಾಡ್ಬಹುದು. ಒಳಗೆ ಕೂರೋ ಬೋಟು ಮಗುಚಿದ್ರೆ ನೀರು ತುಂಬ್ಕೊಳ್ಳತ್ತೆ, ಅದನ್ನ ಖಾಲಿ ಮಾಡೋಕೆ ಇನ್ನೊಬ್ಬರ ಸಹಾಯ ಬೇಕಾಗತ್ತೆ, ಅದಕ್ಕೇ ಶುರುವಿಗೆ ಅದು ಬೇಡ ಅನ್ನೋದು. ಲೈಫ್ ಜಾಕೆಟ್ ಈಜು ಬರೋರಿಗೂ ಬೇಕು, ಎಲ್ಲ ಬಕಲ್ ಹಾಕಿ ಬಿಗಿ ಮಾಡಿದ ಮೇಲೆ ಯಾರಾದ್ರೂ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೀಲಿ, ಕಿವಿ ಹತ್ತಿರ ಬಂದ್ರೆ ಅದು ದೊಡ್ಡದು, ಬದಲಾಯಿಸ್ಕೊಳ್ಳಿ.

ಗಾಳಿ ಬಗ್ಗೆ ಹೇಳ್ದೇ ಇದನ್ನ ಮುಗಿಸೋಕಾಗಲ್ಲ. ಕಯಾಕ್ ಮುಂದಕ್ಕೆ ಹೋಗ್ತಿರೋವಾಗ ಪಕ್ಕದಿಂದ ಗಾಳಿ ಬೀಸಿದ್ರೆ ಮೂತಿ ತಾನಾಗೇ ಗಾಳಿ ಬರೋ ಕಡೆ ತಿರುಗತ್ತೆ, ಮುಂಭಾಗ ನೀರನ್ನ ಸೀಳ್ತಾ ಬಿಗಿಯಾಗಿ ಹಿಡಿದಿರತ್ತೆ, ಹಿಂಭಾಗ ಸಡಿಲ ಇರತ್ತೆ, ಗಾಳಿ ಅದನ್ನ ತಳ್ಳತ್ತೆ. ಬೆಂಗಳೂರು ಸುತ್ತಮುತ್ತ ಆಷಾಢದ ಗಾಳಿ ಗೊತ್ತಲ್ಲ, ಪಶ್ಚಿಮದಿಂದ ದಿನಗಟ್ಟಲೆ ಬೀಸತ್ತೆ, ಆ ತಿಂಗಳಲ್ಲಿ ಮೊದಲ ಪಾಠ ಬೇಡವೇ ಬೇಡ. ಬೇರೆ ತಿಂಗಳಲ್ಲೂ ಬೆಳಗ್ಗೆ ಬೇಗ ನೀರಿಗಿಳೀರಿ, ಹೊತ್ತೇರಿದಂಗೆ ಗಾಳಿ ಏಳತ್ತೆ. ಹೋಗೋವಾಗ ಗಾಳಿಗೆ ಎದುರಾಗಿ ಹೋಗಿ, ಬರೋವಾಗ ಗಾಳಿ ನಿಮ್ಮನ್ನ ತಳ್ಳಿಕೊಂಡು ಬರಲಿ. ಉಲ್ಟಾ ಮಾಡಿದ್ರೆ ಸುಸ್ತಾದ ಮೇಲೆ ಎದುರುಗಾಳಿ ಸಿಗತ್ತೆ.

ಎಲ್ಲಿ ಕಲಿಯೋದು ಅನ್ನೋದು ಬೆಂಗಳೂರಿನವರಿಗೆ ನಿಜವಾದ ತಲೆನೋವು. ಊರ ತುಂಬಾ ಕೆರೆ ಇದೆ, ಆದ್ರೆ ಬೆಳ್ಳಂದೂರು ವರ್ತೂರು ಥರ ಕೊಳಚೆ ನೀರು ಸೇರಿ ನೊರೆ ಎದ್ದ ಕೆರೆಗಳಲ್ಲಿ ಕಾಲಿಡೋಕೂ ಆಗಲ್ಲ. ಹಾಗಾಗಿ ಊರು ಬಿಡಲೇಬೇಕು. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಅಂತ ರಾಜ್ಯ ಸರ್ಕಾರದ್ದೇ ಸಂಸ್ಥೆ ಇದೆ, ಅವರ ಜಲಸಾಹಸ ಶಿಬಿರಗಳ ಬಗ್ಗೆ ವಿಚಾರಿಸಿ. ಎರಡು ಮೂರು ದಿನ ರಜೆ ಇದ್ರೆ ಸಾಗರದ ಹತ್ತಿರ ಹೊನ್ನೇಮರಡು, ಶರಾವತಿ ಹಿನ್ನೀರು ಅದು, ಅಗಲವಾದ ನಿಂತ ನೀರು, ಬೆಂಗಳೂರಿಂದ ತಾಳಗುಪ್ಪಕ್ಕೆ ರಾತ್ರಿ ರೈಲೇ ಇದೆ. ಉಡುಪಿ ಕಡೆ ಸಾಲಿಗ್ರಾಮದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಹೋಗೋದು ಚಂದ, ಅಲ್ಲಿ ಸಮುದ್ರದ ಉಬ್ಬರ ಇಳಿತ ನದಿಗೂ ಬರತ್ತೆ, ಹೊತ್ತು ಕೇಳ್ಕೊಂಡು ಇಳೀಬೇಕು. ಮಂಚನಬೆಲೆ ಹತ್ತಿರ ಅಂತ ಬಹಳ ಜನ ಓಡ್ತಾರೆ, ಅಲ್ಲಿ ಮುಳುಗಿ ಸತ್ತವರ ಸುದ್ದಿ ಪೇಪರಲ್ಲಿ ಎಷ್ಟು ಸಲ ಓದಿದ್ದೀವಿ, ಅನುಮತಿ ಇಲ್ಲದ ಕಡೆ ದಯವಿಟ್ಟು ನೀರಿಗಿಳೀಬೇಡಿ. ಯಾವ ಡ್ಯಾಮೇ ಆಗ್ಲಿ ಗೇಟು, ತೂಬು ಇವುಗಳಿಂದ ದೂರ ಇರಿ, ಮೀನಿನ ಬಲೆಗೆ ಕಟ್ಟಿರೋ ಥರ್ಮೋಕೋಲ್ ತುಂಡು ಕಂಡ್ರೆ ಸುತ್ತಿ ಹೋಗಿ, ನೀರು ಕಮ್ಮಿ ಇರೋ ಕಾಲದಲ್ಲಿ ಮುಳುಗಿರೋ ಮರದ ಬೊಡ್ಡೆ ತಗಲತ್ತೆ.

ದುಡ್ಡು ಕಟ್ಟೋ ಮುಂಚೆ ನಡೆಸೋರನ್ನ ಮೂರು ಮಾತು ಕೇಳಿ. ನನ್ನ ಅಳತೆಯ ಲೈಫ್ ಜಾಕೆಟ್ ಇದ್ಯಾ, ನಾನು ಬಿದ್ರೆ ಯಾರು ಯಾವುದರಲ್ಲಿ ಬರ್ತಾರೆ, ಬಿದ್ದು ಹತ್ತೋದನ್ನ ಹೇಳ್ಕೊಡ್ತೀರಾ. "ಏನೂ ಆಗಲ್ಲ ಸರ್, ಕೂತ್ಕೊಳ್ಳಿ" ಅನ್ನೋದೇ ಉತ್ತರ ಆದ್ರೆ ಗಾಡಿ ತಿರುಗಿಸಿ, ಬೇರೆ ಕಡೆ ಹೋಗಿ.